ಜ್ಯೂರಿಯಿಲ್ಲದ ನಾಡಿನಲ್ಲಿ ಪಂಚರು

ಕಳೆದ ವರ್ಷ ಒಂದು ಮಧ್ಯಾಹ್ನ ನಮ್ಮ ರಾಜ್ಯಶಾಸ್ತ್ರದ ಅಧ್ಯಾಪಕರು ಇಂಗ್ಲೆಂಡಿನ ನ್ಯಾಯಪದ್ಧತಿಯನ್ನು ವಿವರಿಸುತ್ತಿದ್ದರು. ಕಾನೂನು ಓದದ ಹನ್ನೆರಡು ಮಂದಿ ನಾಗರಿಕರು, ಅವರಲ್ಲಿ ಒಬ್ಬ ಬಡಗಿಯಿರಬಹುದು, ಒಬ್ಬ ಅಂಗಡಿಕಾರನಿರಬಹುದು, ಒಬ್ಬಳು ಗೃಹಿಣಿಯಿರಬಹುದು, ನ್ಯಾಯಾಲಯದಲ್ಲಿ ಸಾಲಾಗಿ ಕುಳಿತು ಸಾಕ್ಷ್ಯವನ್ನೆಲ್ಲ ಕೇಳುತ್ತಾರೆ. ಬಳಿಕ ಒಂದು ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು ತಮ್ಮತಮ್ಮೊಳಗೆ ಚರ್ಚಿಸಿ, ಆರೋಪಿಯು ತಪ್ಪಿತಸ್ಥನೇ ಅಲ್ಲವೇ ಎಂಬುದನ್ನು ಹೇಳುತ್ತಾರೆ. ಇದಕ್ಕೆ ಜ್ಯೂರಿ ಎಂದು ಹೆಸರು. ಇಷ್ಟು ಹೇಳಿ ಅಧ್ಯಾಪಕರು, "ನಮ್ಮಲ್ಲಿ ಈ ಪದ್ಧತಿ ಉಂಟೆ?" ಎಂದು ಕೇಳಿದರು. "ಇಲ್ಲ ಸರ್" ಎಂದು ಇಡೀ ತರಗತಿ ಒಂದೇ ಕಂಠದಿಂದ ಹೇಳಿತು. "ಹಾಗಾದರೆ ನಮ್ಮ ದೇಶದ ಸಾಮಾನ್ಯ ಮನುಷ್ಯನಿಗೆ ಕೋರ್ಟಿನ ಕೆಲಸದಲ್ಲಿ ಯಾವ ಸ್ಥಾನವಿದೆ?" ಎಂದು ಅವರು ಮತ್ತೆ ಕೇಳಿದಾಗ ಯಾರೂ ಬಾಯಿ ಬಿಡಲಿಲ್ಲ.

ಉತ್ತರ ನನಗೆ ಗೊತ್ತಿತ್ತು. ಹೇಳಲು ನಾಚಿಕೆಯಾಯಿತು. ಏಕೆಂದರೆ ಆ ಉತ್ತರ ಸಂತೆಕಲ್ಲೂರಿನ ನಮ್ಮ ಮನೆಯಲ್ಲೇ ಇತ್ತು. ನಮ್ಮ ತಂದೆಯವರು ಒಂದು ಮೊಕದ್ದಮೆಯಲ್ಲಿ ಪಂಚರಾಗಿದ್ದರು. ಅಂದು ಹೇಳದೆ ಉಳಿದ ಮಾತನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ನನ್ನ ಸಹಪಾಠಿಗಳ ಮತ್ತು ಅಧ್ಯಾಪಕ ವರ್ಗದ ಮುಂದೆ ಇಡುತ್ತಿದ್ದೇನೆ.

ಮೊದಲು ಜ್ಯೂರಿಯ ವಿಷಯವಾಗಿ ಒಂದೆರಡು ಮಾತು. ನಮ್ಮ ದೇಶಕ್ಕೆ ಜ್ಯೂರಿ ಬರಲೇ ಇಲ್ಲವೆಂದು ನಾನೂ ತಿಳಿದಿದ್ದೆನು. ಅದು ತಪ್ಪು. ಬಂದಿತ್ತು, ಎರಡು ಶತಮಾನಗಳ ಕಾಲ ಇತ್ತು, ಆಮೇಲೆ ಹೋಯಿತು. ೧೭೭೫ರಲ್ಲಿ ಕಲ್ಕತ್ತೆಯ ಸುಪ್ರೀಂ ಕೋರ್ಟಿನಲ್ಲಿ ಮಹಾರಾಜ ನಂದಕುಮಾರನ ಮೇಲೆ ಖೋಟಾ ದಸ್ತಾವೇಜಿನ ಆರೋಪ ಬಂದಾಗ ಅವನನ್ನು ತಪ್ಪಿತಸ್ಥನೆಂದು ಹೇಳಿದ್ದು ಹನ್ನೆರಡು ಮಂದಿಯ ಜ್ಯೂರಿಯೇ. ಹನ್ನೆರಡು ಮಂದಿಯೂ ಯುರೋಪಿಯನ್ನರು. ಅವನಿಗೆ ಗಲ್ಲಾಯಿತು. ೧೮೨೬ರ ಕಾಯಿದೆಯು ಭಾರತೀಯರನ್ನೂ ಜ್ಯೂರಿಯಲ್ಲಿ ಕೂರಿಸಬಹುದೆಂದಿತು; ಆದರೆ ಹಿಂದೂವಾಗಲಿ ಮುಸಲ್ಮಾನನಾಗಲಿ ಕ್ರೈಸ್ತನ ವಿಚಾರಣೆಗೆ ಕೂರುವಂತಿಲ್ಲವೆಂದಿತು. ರಾಜಾ ರಾಮಮೋಹನ ರಾಯರು ಇದನ್ನು ಪ್ರತಿಭಟಿಸಿದರು. ೧೮೩೨ರಲ್ಲಿ ಆ ಭೇದ ಅಳಿಯಿತು. ೧೮೬೧ರ ದಂಡಪ್ರಕ್ರಿಯಾ ಸಂಹಿತೆಯ ತರುವಾಯ ಸರಕಾರವು ಗೊತ್ತುಮಾಡಿದ ಜಿಲ್ಲೆಗಳ ಸೆಷನ್ಸ್ ಕೋರ್ಟುಗಳಲ್ಲಿಯೂ ಜ್ಯೂರಿ ಬಂತು. ೧೯೦೮ರಲ್ಲಿ ಲೋಕಮಾನ್ಯ ತಿಲಕರ ರಾಜದ್ರೋಹದ ವಿಚಾರಣೆಯಲ್ಲಿ ಏಳು ಮಂದಿ ಯುರೋಪಿಯನ್ನರೂ ಇಬ್ಬರು ಪಾರಸಿಗಳೂ ಕುಳಿತಿದ್ದರು. ಏಳು ಮಂದಿ ತಪ್ಪಿತಸ್ಥರೆಂದರು, ಇಬ್ಬರು ಅಲ್ಲವೆಂದರು. ತಿಲಕರು ಆರು ವರ್ಷ ಮಂಡಾಲೆಗೆ ಹೋದರು.

ನಮ್ಮ ರಾಯಚೂರು ಜಿಲ್ಲೆ ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತಾದ್ದರಿಂದ ಇದೆಲ್ಲ ತುಂಗಭದ್ರೆಯ ಆಚೆಯ ಕಥೆ. ಆದರೂ ಓದುವಾಗ ನನ್ನನ್ನು ತಡೆದು ನಿಲ್ಲಿಸಿದ್ದು ಜ್ಯೂರಿಯಲ್ಲ, ಅದರ ಜೊತೆಗಿದ್ದ ಇನ್ನೊಂದು ಪದ್ಧತಿ. ಜ್ಯೂರಿ ಇಲ್ಲದ ಸೆಷನ್ಸ್ ಕೋರ್ಟುಗಳಲ್ಲಿ ನ್ಯಾಯಾಧೀಶರ ಪಕ್ಕದಲ್ಲಿ ಅಸೆಸರರು ಎಂಬ ಊರ ಗೃಹಸ್ಥರು ಕೂರುತ್ತಿದ್ದರು. ಅವರನ್ನು ಒಬ್ಬೊಬ್ಬರಾಗಿ ಅಭಿಪ್ರಾಯ ಕೇಳಬೇಕು. ಆದರೆ ಆ ಅಭಿಪ್ರಾಯಕ್ಕೆ ನ್ಯಾಯಾಧೀಶರು ಬದ್ಧರಲ್ಲ. ಅಂದರೆ ಕೇಳುವುದುಂಟು, ಒಪ್ಪಲೇಬೇಕೆಂಬುದಿಲ್ಲ. ೧೯೫೫ರ ತಿದ್ದುಪಡಿಯಿಂದ ಈ ಅಸೆಸರರು ಮರೆಯಾದರು. ಜ್ಯೂರಿಯನ್ನೂ ತೆಗೆಯಬೇಕೆಂದು ಸೆಟಲ್ವಾಡರ ಅಧ್ಯಕ್ಷತೆಯ ಕಾನೂನು ಆಯೋಗವು ೧೯೫೮ರಲ್ಲಿ ಶಿಫಾರಸು ಮಾಡಿತು.

ಅದರ ಮರುವರ್ಷವೇ ನಾನಾವತಿ ಪ್ರಕರಣ ನಡೆಯಿತು. ಚಲನಚಿತ್ರ ನೋಡುವ ಮಿತ್ರರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೌಕಾದಳದ ಅಧಿಕಾರಿ ನಾನಾವತಿಯು ಪ್ರೇಮ್ ಆಹುಜಾ ಎಂಬವನನ್ನು ೧೯೫೯ರ ಏಪ್ರಿಲಿನಲ್ಲಿ ಮುಂಬಯಿಯಲ್ಲಿ ಗುಂಡಿಟ್ಟು ಕೊಂದನು. ಒಂಬತ್ತು ಜ್ಯೂರರಲ್ಲಿ ಎಂಟು ಮಂದಿ ಅವನು ತಪ್ಪಿತಸ್ಥನಲ್ಲವೆಂದರು. ಸೆಷನ್ಸ್ ನ್ಯಾಯಾಧೀಶರು ಅದನ್ನೊಪ್ಪದೆ ಹೈಕೋರ್ಟಿಗೆ ಬರೆದರು. ಹೈಕೋರ್ಟು ೧೯೬೦ರಲ್ಲಿ ಶಿಕ್ಷೆ ವಿಧಿಸಿತು. ೧೯೬೧ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಇದೇ ದೇಶದ ಕಡೆಯ ಜ್ಯೂರಿ ಎಂದು ಹಲವರು ಹೇಳುವುದುಂಟಾದರೂ ಬಂಗಾಳದಲ್ಲಿ ಇನ್ನೂ ಕೆಲವು ವರ್ಷ ಅದು ನಡೆದಿತ್ತು. ೧೯೭೩ರ ದಂಡಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವಿಲ್ಲ. ಈಗ ಪಾರಸಿಗಳ ವಿವಾಹ ವ್ಯಾಜ್ಯಗಳಲ್ಲಿ ಮಾತ್ರ, ೧೯೩೬ರ ಅವರ ಕಾಯಿದೆಯಂತೆ, ಸಮಾಜದ ಡೆಲಿಗೇಟರು ನ್ಯಾಯಾಧೀಶರ ಜೊತೆ ಕೂರುತ್ತಾರೆ.

ಹಳ್ಳಿಗಾದರೂ ಇಂಥದೊಂದು ಬೇಕೆಂದು ಕಾನೂನು ಆಯೋಗದ ೧೧೪ನೆಯ ವರದಿ ೧೯೮೬ರಲ್ಲಿ ಹೇಳಿತ್ತು. ಗ್ರಾಮ ನ್ಯಾಯಾಲಯದಲ್ಲಿ ಕಾನೂನು ಬಲ್ಲ ಒಬ್ಬ ನ್ಯಾಯಾಧೀಶ, ಅವನ ಎಡಬಲಕ್ಕೆ ಇಬ್ಬರು ಜನಸಾಮಾನ್ಯರು ಇರಲೆಂಬುದು ಆ ಸಲಹೆ. ೨೦೦೮ರಲ್ಲಿ ಗ್ರಾಮ ನ್ಯಾಯಾಲಯಗಳ ಕಾಯಿದೆ ಬಂದಾಗ ನ್ಯಾಯಾಧಿಕಾರಿ ಉಳಿದನು, ಎಡಬಲದ ಇಬ್ಬರು ಬಿದ್ದುಹೋದರು.

ಹೀಗೆ ನೋಡುತ್ತ ಬಂದರೆ, ತೀರ್ಪು ಹೇಳುವ ನಾಗರಿಕನು ಹೋದನು. ಅಭಿಪ್ರಾಯ ಹೇಳುವ ನಾಗರಿಕನೂ ಹೋದನು. ಉಳಿದವನು ಪಂಚ.

ಪಂಚ ಎಂಬ ಶಬ್ದದ ಹಣೆಬರಹವನ್ನು ನೋಡಿರಿ. ಐದು ಮಂದಿ ಹಿರಿಯರು ಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುತ್ತಿದ್ದುದರಿಂದ ಪಂಚಾಯಿತಿ ಎಂಬ ಮಾತು ಬಂತು. ಘನಮಠ ಶಿವಯೋಗಿಗಳ ಊರಾದ ನಮ್ಮ ಸಂತೆಕಲ್ಲೂರಿನಲ್ಲಿ ಬದುವಿನ ಜಗಳ, ಅಣ್ಣತಮ್ಮಂದಿರ ಪಾಲಿನ ಜಗಳಗಳು ಇಂದಿಗೂ ಮೊದಲು ಕಟ್ಟೆಗೇ ಬರುತ್ತವೆ. ಅಲ್ಲಿ ಪಂಚನೆಂದರೆ ತಲೆಗೆ ರುಮಾಲು ಸುತ್ತಿ ಕುಳಿತು ಮಾತನಾಡುವವನು. ಪೋಲೀಸರ ಪಂಚನಾಮೆಯಲ್ಲಿ ಅದೇ ಪಂಚನು ನಿಂತು ನೋಡುವವನು. ನಾಮೆ ಎಂಬುದು ಪಾರಸಿ ಶಬ್ದ, ಪತ್ರವೆಂದು ಅರ್ಥ. ಹಳೆಯ ಮೈಸೂರಿನ ಕಡೆ ಇದನ್ನು ಮಹಜರು ಎನ್ನುತ್ತಾರೆ. ಕಳುವಿನ ಮಾಲು ಸಿಕ್ಕರೆ, ಮನೆಯ ಝಡತಿ ಮಾಡಿದರೆ, ಯಾರಾದರೂ ಅಸ್ವಾಭಾವಿಕವಾಗಿ ಸತ್ತರೆ, ಪೋಲೀಸರು ಇಬ್ಬರು ಊರವರನ್ನು ಕರೆದು ಅವರ ಎದುರಿಗೆ ಕಂಡದ್ದನ್ನು ಬರೆದು ರುಜು ಹಾಕಿಸಿಕೊಳ್ಳಬೇಕು. ಪೋಲೀಸರೊಬ್ಬರ ಮಾತನ್ನೇ ನಂಬಿ ಒಬ್ಬನನ್ನು ಸೆರೆಗೆ ಕಳುಹಬಾರದು, ಊರವರ ಕಣ್ಣೂ ಇರಲಿ ಎಂಬುದು ಇದರ ಹಿಂದಿನ ವಿವೇಕ. ಬಹಳ ಒಳ್ಳೆಯ ವಿವೇಕವೆಂದೇ ನನ್ನ ಭಾವನೆ. ಝಡತಿಗೆ ಕರೆಯುವ ಇಬ್ಬರು ಅದೇ ಪ್ರದೇಶದ ಸ್ವತಂತ್ರರೂ ಗೌರವಸ್ಥರೂ ಆದ ನಿವಾಸಿಗಳಾಗಿರಬೇಕೆಂದು ಕಾನೂನು ಹೇಳುತ್ತದೆ. ಲಿಖಿತ ಆದೇಶ ಕೊಟ್ಟು ಕರೆದಾಗ ಸಕಾರಣವಿಲ್ಲದೆ ಬರೆನೆಂದರೆ ಅದೂ ಅಪರಾಧ. ೧೯೭೩ರ ಸಂಹಿತೆಯ ನೂರನೆಯ ಕಲಮಿನಲ್ಲಿ ಇದ್ದ ಈ ಮಾತು, ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ೧೦೩ನೆಯ ಕಲಮಾಗಿ ಮುಂದುವರಿದಿದೆ.

ಜ್ಯೂರಿಯಲ್ಲಿ ಕುಳಿತು ಬಂದವರ ಮನಸ್ಸಿನಲ್ಲಿ ಏನಿರುತ್ತದೆ ಎಂಬುದನ್ನು ಬೇರೆ ದೇಶಗಳವರು ಆಸ್ಥೆಯಿಂದ ವಿಚಾರಿಸುತ್ತಾರೆ. ಪಂಚರಾಗಿ ಬಂದವರನ್ನು ವಿಚಾರಿಸುವವರಿಲ್ಲ. ಆದ್ದರಿಂದ ದಸರೆಯ ರಜೆಯಲ್ಲಿ ನಾನೇ ನಮ್ಮೂರಿನಲ್ಲಿ ಕೆಲವರ ಬಳಿ ಹೋಗಿ ಕುಳಿತು ಕೇಳಿದೆನು. ಇದನ್ನು ಸಂಶೋಧನೆ ಎಂದು ಕರೆಯುವ ಧೈರ್ಯ ನನಗಿಲ್ಲ. ಕಿವಿಗೆ ಬಿದ್ದದ್ದನ್ನು ನೋಟುಪುಸ್ತಕದಲ್ಲಿ ಬರೆದುಕೊಂಡೆ, ಅಷ್ಟೆ. ಯಾರ ಹೆಸರನ್ನೂ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದೇನೆ.

ಬಸ್ಸು ನಿಲ್ಲುವಲ್ಲಿ ಚಹದಂಗಡಿ ಇಟ್ಟಿರುವವರು ನಾಲ್ಕು ಸಲ ಪಂಚರಾಗಿದ್ದಾರೆ. ಏಕೆ ಇವರೇ ಎಂದರೆ, "ಬಾಗ್ಲ ತಗದು ಕುಂತಾವ ನಾ ಒಬ್ಬನ ಅಲ್ಲೇನಪ್ಪ? ಜೀಪು ಬಂದ್ರ ಮದ್ಲು ಕಾಣಾದು ನನ್ನ ಅಂಗಡಿ" ಎಂದು ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ. "ಸಾಹೇಬ್ರು ನಾಳಿ ಚಾ ಕುಡ್ಯಾಕ ಬರೋರು. ಆರೋಪಿ ಕಡ್ಯಾರು ಇವತ್ತ ಬರೋರು. ನಾ ಯಾರಿಗೆ ಇಲ್ಲ ಅನ್ಲಿ?" ಎಂದರು. ಒಂದು ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿ ಬಂದ ಮೇಲೆ ಆರು ತಿಂಗಳು ಒಂದು ಓಣಿಯವರು ಅವರ ಅಂಗಡಿಗೆ ಕಾಲಿಡಲಿಲ್ಲವಂತೆ. ಜ್ಯೂರಿಯಾದವನು ಹನ್ನೆರಡರಲ್ಲಿ ಒಬ್ಬನಾಗಿ ಮರೆಯಾಗಬಹುದು. ತಾನು ಏನು ಹೇಳಿದೆನೆಂಬುದನ್ನು ಇಂಗ್ಲೆಂಡಿನಲ್ಲಿ ಹೊರಗೆ ಹೇಳುವುದಕ್ಕೇ ನಿಷೇಧವಿದೆ. ನಮ್ಮ ಪಂಚನಿಗೆ ಮರೆಯೆಂಬುದಿಲ್ಲ. ಆರೋಪಿಯ ಮುಂದೆಯೇ ಅವನ ಹೆಸರು, ತಂದೆಯ ಹೆಸರು, ಜಾತಿ, ಊರು ಎಲ್ಲವನ್ನೂ ಓದುತ್ತಾರೆ.

ನಿವೃತ್ತ ಪ್ರಾಥಮಿಕ ಶಾಲೆಯ ಮಾಸ್ತರರೊಬ್ಬರ ಅನುಭವ ಇದಕ್ಕೆ ಪೂರ್ತಿ ವಿರುದ್ಧ. ಅವರು ಪಂಚನಾಮೆಯನ್ನು ಎರಡು ಸಲ ಓದಿಯೇ ರುಜು ಹಾಕಿದ್ದರು. ಕೋರ್ಟಿನಲ್ಲಿ ವಕೀಲರು ಎಷ್ಟು ಜಗ್ಗಾಡಿದರೂ ಅಲುಗಲಿಲ್ಲ. ನ್ಯಾಯಾಧೀಶರು ಅವರಿಗೆ ಕುರ್ಚಿ ಕೊಡಿಸಿದರು, ಪ್ರಯಾಣದ ಭತ್ತೆ ಬರೆಸಿಕೊಂಡು ಹೋಗಿರಿ ಎಂದೂ ಹೇಳಿದರು. ಇದನ್ನು ಹೇಳುವಾಗ ಮಾಸ್ತರರ ಮುಖ ಅರಳಿತ್ತು. "ನಲವತ್ತು ವರ್ಷ ಹುಡುಗರಿಗೆ ಸತ್ಯ ಹೇಳ್ರಿ ಅಂದೆ. ಆವತ್ತು ನಾ ಹೇಳಿದೆ" ಎಂದರು. ಆ ಕುರ್ಚಿಯ ಮಾತನ್ನು ಅವರು ಮೂರು ಸಲ ಎತ್ತಿದರು. ಭತ್ತೆಯ ಹಣವೆಷ್ಟು ಎಂದು ಕೇಳಿದರೆ ನೆನಪಿರಲಿಲ್ಲ.

ಸ್ವಸಹಾಯ ಸಂಘದ ಒಬ್ಬ ತಾಯಿ ಹೇಳಿದ್ದನ್ನು ಬರೆಯುವುದು ಕಷ್ಟ. ಮದುವೆಯಾಗಿ ಮೂರು ವರ್ಷವಾಗಿದ್ದ ಓಣಿಯ ಸೊಸೆಯೊಬ್ಬಳು ಸತ್ತಿದ್ದಳು. ಮದುವೆಯಾಗಿ ಏಳು ವರ್ಷದೊಳಗಿನ ಇಂಥ ಸಾವಾದುದರಿಂದ ತಹಶೀಲ್ದಾರರೇ ಬಂದು ಶವದ ಪಂಚನಾಮೆ ಮಾಡಿದರು. ಹೆಣ್ಣುಮಕ್ಕಳೂ ಇರಲೆಂದು ಇವರನ್ನು ಕರೆದರು. ಮೈಮೇಲಿನ ಗುರುತುಗಳನ್ನು ನೋಡಿ ಇವರು ಹೇಳಿದಂತೆ ಗುಮಾಸ್ತನು ಬರೆದುಕೊಂಡನು. "ಗುರುತು ಎಲ್ಲೆಲ್ಲಿ ಅದಾವ ಅಂತ ಕೇಳಿದ್ರು, ಹೇಳ್ದೆ. ಹ್ಯಾಂಗ ಸತ್ಲು ಅಂತ ನಿನಗೇನು ಅನಸ್ತೈತಿ ಅಂತ ಯಾರೂ ಕೇಳ್ಲಿಲ್ಲ. ಕೇಳಿದ್ರ ಹೇಳ್ತಿದ್ದೆ" ಎಂದರು. ನಿಜವಾಗಿ ನೋಡಿದರೆ ಇಂಥ ಪಂಚನಾಮೆಯಲ್ಲಿ ಸಾವಿನ ಕಾರಣ ಮೇಲ್ನೋಟಕ್ಕೆ ಏನೆಂದು ತೋರುತ್ತದೆಂಬುದನ್ನೂ ಬರೆಯಬೇಕು. ಆ ಸಾಲನ್ನು ಯಾರು ತುಂಬಿದರೋ ಅವರಿಗೆ ತಿಳಿಯದು. ಆ ಮೊಕದ್ದಮೆ ಏನಾಯಿತೆಂಬುದೂ ತಿಳಿಯದು. ರಾತ್ರಿ ಈಗಲೂ ಆ ಹುಡುಗಿಯ ಕೈಬಳೆಗಳು ಕಣ್ಣಿಗೆ ಕಟ್ಟುತ್ತವೆ ಎಂದರು.

ನನ್ನ ಓರಗೆಯ ಹುಡುಗರನ್ನೂ ಕೇಳಿದೆ. ಅವರ ಉತ್ತರ ಚಿಕ್ಕದು: ಜೀಪು ಕಂಡರೆ ಹೊಲದ ದಾರಿ.

ಇನ್ನು ನಮ್ಮ ತಂದೆಯವರ ವಿಷಯ. ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ಓಣಿಯ ಒಬ್ಬ ವಿಧವೆಯ ಬಾವಿಯಿಂದ ಪಂಪಿನ ಮೋಟಾರು ಕಳುವಾಯಿತು. ನಾನು ಅವರನ್ನು ದೊಡ್ಡವ್ವ ಎಂದು ಕರೆಯುತ್ತೇನೆ. ಮೂರು ಎಕರೆ ಹೊಲ, ಅದೊಂದೇ ಬಾವಿ. ಹತ್ತಿ ನೀರಿಗೆ ಬಂದಿದ್ದ ಕಾಲ. ಕೆಲವು ದಿನಗಳಲ್ಲಿ ಪೋಲೀಸರು ಒಬ್ಬನನ್ನು ಹಿಡಿದರು. ಅವನು ಮಾಲನ್ನು ತೋರಿಸುತ್ತೇನೆಂದನು. ಆರೋಪಿಯೇ ಕರೆದೊಯ್ದು ತೋರಿಸಿದ ಮಾಲಿಗೆ ಸಾಕ್ಷ್ಯದ ಕಾನೂನಿನಲ್ಲಿ ಬಹಳ ಬೆಲೆಯುಂಟು. ಅದಕ್ಕೆ ಪಂಚರನ್ನು ಕರೆಯುವುದು ಪೋಲೀಸರ ರೂಢಿ. ಕೂಲಿಗೆಂದು ಹೊರಟಿದ್ದ ನಮ್ಮ ತಂದೆಯವರನ್ನೂ ಇನ್ನೊಬ್ಬರನ್ನೂ ಕರೆದರು. ದೊಡ್ಡವ್ವನ ಕೆಲಸವೆಂದು ತಂದೆಯವರು ಮರುಮಾತಾಡದೆ ಹೋದರು. ಹಳ್ಳದ ದಂಡೆಯಲ್ಲಿ ಜಾಲಿಯ ಪೊದೆಯ ಬುಡಕ್ಕೆ ಆ ಮನುಷ್ಯನು ಮಣ್ಣು ಕೆದರಿ ಗೋಣೀಚೀಲ ಎಳೆದದ್ದನ್ನು, ಚೀಲದಲ್ಲಿ ಮೋಟಾರು ಇದ್ದುದನ್ನು ತಂದೆಯವರು ಕಣ್ಣಾರೆ ಕಂಡರು. ಅಲ್ಲಿ ಬಿಸಿಲೆಂದು ಕಾಗದವನ್ನು ಠಾಣೆಗೆ ಹೋಗಿ ಬರೆದರು. ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತೋರಿಸಿದಲ್ಲೆಲ್ಲ ಹೆಬ್ಬೆಟ್ಟು ಒತ್ತಿ ಮನೆಗೆ ಬಂದು, ಶಾಯಿ ಹೋಗಲೆಂದು ಬೆರಳನ್ನು ಗೋಡೆಗೆ ಒರೆಸಿಕೊಂಡರು. ಆ ಗುರುತು ಸುಣ್ಣ ಬಳಿಯುವವರೆಗೆ ಇತ್ತು.

ಮೂರು ವರ್ಷಗಳ ಮೇಲೆ ಸಮನ್ಸು ಬಂತು. ಎರಡು ಸಲ ಹೋಗಿ ಸಂಜೆಯವರೆಗೆ ಕುಳಿತು ತಾರೀಖು ಹಾಕಿಸಿಕೊಂಡು ಬಂದರು. ಎರಡು ದಿನದ ಕೂಲಿ ಹೋಯಿತು. ಹಾಜರಾದ ಸಾಕ್ಷಿಯನ್ನು ವಿಚಾರಿಸದೆ ಕಳುಹಬಾರದು, ಅಂಥ ಅನಿವಾರ್ಯವಿದ್ದರೆ ಕಾರಣ ಬರೆಯಬೇಕು ಎಂದು ಸಂಹಿತೆಯಲ್ಲಿದೆ. ಸಾಕ್ಷಿಗೆ ಕೂರಲು ಜಾಗವಿಲ್ಲ, ಕುಡಿಯಲು ನೀರಿಲ್ಲ ಎಂದು ಸುಪ್ರೀಂ ಕೋರ್ಟು ೨೦೦೦ದಲ್ಲಿಯೇ ಮರುಗಿದೆ. ನಮ್ಮ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಮಳೀಮಠರ ಸಮಿತಿಯು ೨೦೦೩ರಲ್ಲಿ ಸಾಕ್ಷಿಗಳನ್ನು ಗೌರವದಿಂದ ಕಾಣಬೇಕು, ಭತ್ತೆಯನ್ನು ಸರಿಯಾಗಿ ಕೊಡಬೇಕು ಎಂದು ಬರೆದಿದೆ. ಇದೆಲ್ಲ ಗ್ರಂಥಾಲಯದಲ್ಲಿ ನನಗೆ ಈಗ ಸಿಕ್ಕಿದ್ದು. ಆಗ ನಮ್ಮ ಮನೆಯಲ್ಲಿ ಇದನ್ನು ಓದಿ ಹೇಳುವವರಿರಲಿಲ್ಲ.

ಮೂರನೆಯ ಸಲ ಕಟಕಟೆಗೆ ಕರೆದರು. ನಾನೂ ಹೋಗಿದ್ದೆನು, ಒಂಬತ್ತನೆಯ ತರಗತಿಯ ಹುಡುಗ. ಸರಕಾರಿ ವಕೀಲರು ಕೇಳಿದ್ದಕ್ಕೆ ತಂದೆಯವರು ಹಳ್ಳ, ಜಾಲಿ, ಚೀಲ, ಮೋಟಾರು ಎಲ್ಲ ಸರಿಯಾಗಿ ಹೇಳಿದರು. ಅನಂತರ ಎದುರು ವಕೀಲರು ಎದ್ದು ಕಾಗದವನ್ನು ಎಲ್ಲಿ ಬರೆದರೆಂದು ಕೇಳಿದರು. "ಠಾಣ್ಯಾಗ್ರಿ" ಎಂದರು ತಂದೆಯವರು. ಹಳ್ಳದ ದಂಡೆಯಲ್ಲೇ ಬೆಳಿಗ್ಗೆ ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ ಬರೆದದ್ದೆಂದು ಕಾಗದ ಹೇಳುತ್ತಿತ್ತು. ಅದನ್ನು ನಿಮಗೆ ಓದಿ ಹೇಳಿದರೆ ಎಂದು ಕೇಳಿದಾಗ "ಇಲ್ರಿ" ಎಂದರು. ಅದರಲ್ಲಿ ಏನಿದೆಯೋ ನಿಮಗೆ ಗೊತ್ತೆ ಎಂದಾಗಲೂ "ಇಲ್ರಿ". ಸರಕಾರಿ ವಕೀಲರು ಒಡನೆ ಎದ್ದು, ಈ ಸಾಕ್ಷಿ ಪ್ರತಿಕೂಲನಾಗಿದ್ದಾನೆಂದು ಭಾವಿಸಿ ತಾವು ಪಾಟೀಸವಾಲು ಮಾಡಲು ಅನುಮತಿ ಕೇಳಿದರು. ಆರೋಪಿಯ ಕಡೆಯವರಿಂದ ದುಡ್ಡು ತೆಗೆದುಕೊಂಡು ಸುಳ್ಳು ಹೇಳುತ್ತಿದ್ದೀರಿ ಎಂದು ನಮ್ಮ ತಂದೆಯವರಿಗೆ ಹೇಳಿದರು. ಅದು ವಕೀಲರು ಕೇಳುವ ರೂಢಿಯ ಪ್ರಶ್ನೆ, ಮನಸ್ಸಿಗೆ ಹಚ್ಚಿಕೊಳ್ಳಬೇಕಾದುದಲ್ಲ ಎಂದು ಈಗ ಬಲ್ಲೆ. ಅಂದು ನಾನು ಬಾಗಿಲಲ್ಲಿ ನಿಂತಿದ್ದವನು ತಲೆ ತಗ್ಗಿಸಿದೆ.

ಇನ್ನೊಬ್ಬ ಪಂಚರು ದುಡಿಯಲು ಬೆಂಗಳೂರಿಗೆ ಹೋದವರು ಸಿಗಲಿಲ್ಲ. ಆರೋಪಿ ಬಿಡುಗಡೆಯಾದನು. ಮೋಟಾರು ಎರಡು ಮಳೆಗಾಲ ಬಯಲಲ್ಲಿ ಬಿದ್ದು ದೊಡ್ಡವ್ವನ ಕೈಗೆ ಬರುವ ಹೊತ್ತಿಗೆ ಅದರಲ್ಲಿ ತಂತಿಗಿಂತ ತುಕ್ಕೇ ಹೆಚ್ಚಿತ್ತು. ದೊಡ್ಡವ್ವ ನಮ್ಮ ಮನೆಗೆ ಬರುವುದನ್ನು ಬಿಟ್ಟರು. "ಕಣ್ಣಾರೆ ಕಂಡಿದ್ದು ಹೇಳಾಕ ಹೋಗಿದ್ದೆ. ಕಾಗದದಾಗ ಬರ್ದಿದ್ದು ಹೇಳು ಅಂದ್ರ ನಾ ಎಲ್ಲಿಂದ ಹೇಳ್ಲಿ?" ಎಂದು ತಂದೆಯವರು ಬಸ್ಸಿನಲ್ಲಿ ಒಂದೇ ಒಂದು ಸಲ ಹೇಳಿದರು. ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. ಮರುವರ್ಷ, ಮನೆಯಲ್ಲಿ ಎಷ್ಟೇ ತಾಪತ್ರಯವಿದ್ದರೂ, ಹುಡುಗನನ್ನು ಹತ್ತನೆಯ ತರಗತಿಗೇ ಬಿಡಿಸುವುದಿಲ್ಲವೆಂದು ತಂದೆಯವರು ತಾಯಿಗೆ ಹೇಳಿದ್ದನ್ನು ನಾನು ಕೇಳಿದೆ. ಅವರು ಕಾರಣ ಹೇಳಲಿಲ್ಲ.

ಜಪಾನ್ ದೇಶದಲ್ಲಿ ೨೦೦೯ರ ಮೇ ತಿಂಗಳಿಂದ ಘೋರ ಅಪರಾಧಗಳ ವಿಚಾರಣೆಯಲ್ಲಿ ಮೂವರು ನ್ಯಾಯಾಧೀಶರ ಜೊತೆ ಚೀಟಿಯೆತ್ತಿ ಆರಿಸಿದ ಆರು ಮಂದಿ ನಾಗರಿಕರು ಕೂರುತ್ತಾರೆ. ಅಲ್ಲಿಯ ಸುಪ್ರೀಂ ಕೋರ್ಟು ಅವರಿಗೆಲ್ಲ ಒಂದು ಪ್ರಶ್ನಾವಳಿ ಕೊಟ್ಟು ಅನುಭವವನ್ನು ಕೇಳುತ್ತದೆ. ಆರಿಸುವ ಮುಂಚೆ ಬಹಳ ಮಂದಿಗೆ ಈ ಕೆಲಸ ಬೇಡವೇ ಬೇಡ. ಮುಗಿಸಿ ಬಂದ ಮೇಲೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ, ಒಳ್ಳೆಯ ಅನುಭವವಾಯಿತೆಂದು ಬರೆಯುತ್ತಾರೆ. ಇದನ್ನು ಓದಿದಾಗ ನಮ್ಮೂರಿನದು ಇದರ ತಲೆಕೆಳಗಾದ ರೂಪವೆಂದು ನನಗೆ ಹೊಳೆಯಿತು. ಅಲ್ಲಿ ಹೋಗುವಾಗ ಅಂಜಿಕೆ, ಬರುವಾಗ ಸಮಾಧಾನ. ನಮ್ಮಲ್ಲಿ ಹೋಗುವಾಗ ಸಲುಗೆಯಿಂದ, ನೆರೆಯವರ ಕೆಲಸವೆಂದು ಹೋಗುತ್ತೇವೆ. ಬರುವಾಗ ಅಂಜಿಕೊಂಡು ಬರುತ್ತೇವೆ. ಜಪಾನೀಯರು ನಮಗಿಂತ ಧೈರ್ಯವಂತರೆಂದು ಇದಕ್ಕೆ ಕಾರಣ ಹೇಳಲಾಗದು. ಅಲ್ಲಿ ನಾಗರಿಕನಿಗೆ ಎಲ್ಲವನ್ನೂ ವಿವರಿಸಿ ಹೇಳುತ್ತಾರೆ, ಅವನ ಅನಿಸಿಕೆಯನ್ನು ಕೇಳುತ್ತಾರೆ, ಕೊನೆಯವರೆಗೆ ಅವನು ಅಲ್ಲಿರುತ್ತಾನೆ. ನಮ್ಮ ಮಾಸ್ತರರ ಕುರ್ಚಿಯ ಮಾತನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ನನ್ನ ಅಭಿಪ್ರಾಯ ವಾಚಕರಿಗೆ ತಿಳಿದೀತು.

ಜ್ಯೂರಿ ಮರಳಿ ಬರಬೇಕೆಂದು ನಾನು ವಾದಿಸುತ್ತಿಲ್ಲ. ಜಾತಿ, ಓಣಿ, ಸಾಲ ಇವುಗಳಿಂದ ಕಟ್ಟಿಹಾಕಿದ ನಮ್ಮ ಹಳ್ಳಿಯಲ್ಲಿ ಹನ್ನೆರಡು ಮಂದಿಯನ್ನು ಎಲ್ಲಿಂದ ತರುವುದು? ಚಹದಂಗಡಿಯವರ ಮಾತು ಕೇಳಿದ ಮೇಲೆ ನನಗೆ ಆ ಉತ್ಸಾಹ ಉಳಿದಿಲ್ಲ. ನಾನು ಕೇಳುವುದು ಇಷ್ಟೆ: ಹೆಬ್ಬೆಟ್ಟು ಒತ್ತಿಸುವ ಮುಂಚೆ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಲಿ. ನಮ್ಮ ಪಕ್ಕದ ಮಸ್ಕಿಯಲ್ಲಿ ೧೯೧೫ರಲ್ಲಿ ಸಿಕ್ಕ ಅಶೋಕನ ಶಾಸನವನ್ನು ನಾವೆಲ್ಲ ಪ್ರವಾಸದಲ್ಲಿ ನೋಡಿದ್ದೇವೆ. ಅದರಲ್ಲಿರುವ ವಿಷಯವನ್ನು ಚಿಕ್ಕವರಿಗೂ ದೊಡ್ಡವರಿಗೂ ಹೇಳಬೇಕೆಂಬುದು ಆ ಬಂಡೆಯ ಮೇಲೆಯೇ ಇದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಒಬ್ಬ ಚಕ್ರವರ್ತಿಗೆ ಹೊಳೆದದ್ದು ಇದು. ಮತ್ತೊಂದು, ಮೊಕದ್ದಮೆ ಮುಗಿದಾಗ ಪಂಚರಿಗೆ ಫಲಿತಾಂಶ ತಿಳಿಸುವ ಒಂದು ಕಾರ್ಡು ಬರಲಿ. ಆ ತಾಯಿಗೆ ಬಳೆಗಳ ನೆನಪಿನ ಜೊತೆಗೆ ಅದೊಂದು ಕಾರ್ಡಾದರೂ ಇರುತ್ತಿತ್ತು.

ಹೊಸ ಸಂಹಿತೆಯ ೧೦೫ನೆಯ ಕಲಮಿನಂತೆ ಝಡತಿ ಮತ್ತು ಜಪ್ತಿಯನ್ನು ಮೊಬೈಲು ಮುಂತಾದುವುಗಳಲ್ಲಿ ಚಿತ್ರೀಕರಿಸಬೇಕು. ಇದರಿಂದ ಪಂಚರ ಕಷ್ಟ ತೀರುವುದೆಂದು ಕೆಲವರು ಹೇಳುತ್ತಾರೆ. ಸ್ವಲ್ಪ ತೀರೀತು. ಆದರೆ ಪಂಚರಿಬ್ಬರ ರುಜು ಈಗಲೂ ಬೇಕು.

ಕಳೆದ ಬೇಸಗೆಯಲ್ಲಿ ಇದು ನನ್ನ ಪಾಲಿಗೂ ಬಂತು. ಮಸ್ಕಿಯ ಕಡೆಯಿಂದ ಬರುವಾಗ ರಸ್ತೆಯಲ್ಲಿ ಒಂದು ಅಪಘಾತವಾಗಿತ್ತು. ಬೈಕಿನ ಮೇಲಿದ್ದವನು ತೀರಿಕೊಂಡಿದ್ದನು. ಬಸ್ಸಿನಿಂದಿಳಿದು ನಿಂತಿದ್ದ ನನ್ನನ್ನೂ ಒಬ್ಬ ಟ್ರ್ಯಾಕ್ಟರ್ ಚಾಲಕರನ್ನೂ ಪಂಚರಾಗಿರೆಂದು ಕರೆದರು. ಹೊಲದ ದಾರಿ ಹತ್ತಿರದಲ್ಲೇ ಇತ್ತು, ನಿಜವಾಗಿಯೂ ಒಂದು ಗಳಿಗೆ ಅದರ ಕಡೆ ನೋಡಿದೆ. ಆಮೇಲೆ ನಿಂತೆ. ಬರೆದದ್ದನ್ನು ಕೈಗೆ ತೆಗೆದುಕೊಂಡು ಓದಿದೆ. ನಾವು ಬಂದಿದ್ದಕ್ಕಿಂತ ಒಂದು ಗಂಟೆ ಮುಂಚಿತವಾಗಿಯೇ ನಾವು ಅಲ್ಲಿದ್ದೆವೆಂದು ಅದರಲ್ಲಿತ್ತು. ನಾನು ಅದನ್ನು ತೋರಿಸಿದೆ. ಬರೆಯುತ್ತಿದ್ದವರು ನನ್ನ ಮುಖವನ್ನು ನೋಡಿ, "ಎಷ್ಟು ಓದೀಯಪ್ಪ?" ಎಂದರು. ಬಿ.ಎ. ಕೊನೆಯ ವರ್ಷವೆಂದೆ. ಅವರು ಸಿಟ್ಟಾಗಲಿಲ್ಲ, ಗಂಟೆಯನ್ನು ಹೊಡೆದುಹಾಕಿ ಸರಿಯಾದುದನ್ನು ಬರೆದು ಪಕ್ಕದಲ್ಲಿ ಚಿಕ್ಕ ರುಜು ಹಾಕಿದರು. ಟ್ರ್ಯಾಕ್ಟರ್ ಚಾಲಕರಿಗೆ ಓದು ಬರುತ್ತಿರಲಿಲ್ಲ. ಅವರಿಗಾಗಿ ಪೂರ್ತಿ ಕಾಗದವನ್ನು ನಾನು ಗಟ್ಟಿಯಾಗಿ ಓದಿದೆ. ಎಲ್ಲ ಸೇರಿ ಐದು ನಿಮಿಷವೂ ಹಿಡಿಯಲಿಲ್ಲ. ಅವರು, "ಟೈರಿನ ಗೀರು ಎಡಕ್ಕ ಇತ್ತಲ್ರಿ" ಎಂದರು. ಹೋಗಿ ನೋಡಿದರೆ ಎಡಕ್ಕೇ ಇತ್ತು. ಅದನ್ನೂ ತಿದ್ದಿದರು.

ಪಂಚನಿಗೆ ನಕಲು ಕೊಡುವ ನಿಯಮವಿಲ್ಲವಾದುದರಿಂದ ಅಂದಿನ ದಿನಾಂಕ, ಗಂಟೆ, ಗೀರಿನ ಉದ್ದ, ರಸ್ತೆಯ ಬದಿಯ ಬೇವಿನ ಮರ ಇವನ್ನೆಲ್ಲ ನನ್ನ ರಾಜ್ಯಶಾಸ್ತ್ರದ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ರಾತ್ರಿ ತಂದೆಯವರಿಗೆ ಓದಿ ಹೇಳಿದೆ. ಅವರು ಮತ್ತೊಮ್ಮೆ ಓದಿಸಿದರು. ಸಮನ್ಸು ಇನ್ನೂ ಬಂದಿಲ್ಲ. ನಾನು ಊರಿಗೆ ಹೋದಾಗಲೆಲ್ಲ, "ಕಾಗದ ಬಂತೇನೋ ತಮ್ಮಾ?" ಎಂದು ಕೇಳುತ್ತಾರೆ. ಬಂದ ದಿನ ತಾವೂ ಜೊತೆಗೆ ಬರುವೆನೆಂದು ಹೇಳಿದ್ದಾರೆ.